ದುಃಖದ ಹೊತ್ತಿನ ಬೆಲೆಪಟ್ಟಿ

ಸಾವಾದ ಮನೆಯಲ್ಲಿ ಚೌಕಾಸಿ ಮಾಡುವವರು ಯಾರೂ ಇರುವುದಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಮನುಷ್ಯನೇ ಹೆತ್ತವರ ದೇಹ ಎದುರಿಗಿರುವಾಗ ಕೇಳಿದಷ್ಟು ಕೊಟ್ಟು ಕೈಮುಗಿಯುತ್ತಾನೆ. ಶವಸಂಸ್ಕಾರ ಒಂದು ವ್ಯಾಪಾರವಾಗಿ ಬೆಳೆದ ದೇಶಗಳಲ್ಲಿ ಈ ಮನಃಸ್ಥಿತಿಯೇ ಆ ವ್ಯಾಪಾರದ ಬಂಡವಾಳ. ಅದರ ಮೇಲೆ ಬಂದ ಆಕ್ಷೇಪಗಳಿಗೂ ಇದೇ ಮೂಲ. ಆ ವ್ಯಾಪಾರ ಅಂತರ್ಜಾಲಕ್ಕೆ ಬಂದ ಮೇಲೆ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದಕ್ಕೆ ಅಮೆರಿಕಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಕನ್ನಡನಾಡಿನ ಹಳ್ಳಿಯಲ್ಲಿ ಸಾವಾದರೆ ಕೇರಿಯವರು ಬಿದಿರು ತಂದು ಚಟ್ಟ ಕಟ್ಟುತ್ತಾರೆ. ನೆಂಟರಿಷ್ಟರು ಹೆಗಲು ಕೊಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಅಮೆರಿಕದಲ್ಲೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತಿತ್ತು. ಮನೆಯ ಹೆಂಗಸರು ಶವಕ್ಕೆ ಸ್ನಾನ ಮಾಡಿಸುತ್ತಿದ್ದರು. ಊರಿನ ಬಡಗಿ ಪೆಟ್ಟಿಗೆ ಮಾಡಿಕೊಡುತ್ತಿದ್ದ. ಚರ್ಚಿನ ಅಂಗಳದಲ್ಲೋ ಸ್ವಂತ ಹೊಲದಲ್ಲೋ ಮಣ್ಣು ಮಾಡುತ್ತಿದ್ದರು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧ ಈ ಪದ್ಧತಿಯನ್ನು ಸಡಿಲಿಸಿತು. ದೂರದ ರಣರಂಗದಲ್ಲಿ ಮಡಿದ ಸೈನಿಕರನ್ನು ಊರಿಗೆ ತರಬೇಕಾದಾಗ, ದೇಹ ಕೆಡದಂತೆ ರಕ್ತನಾಳಗಳಿಗೆ ರಾಸಾಯನಿಕ ತುಂಬುವ ವಿಧಾನ ಬಳಕೆಗೆ ಬಂತು. 1865ರ ಏಪ್ರಿಲ್‌ನಲ್ಲಿ ಹತ್ಯೆಗೀಡಾದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ದೇಹವನ್ನು ಹೀಗೆ ಸಂಸ್ಕರಿಸಿ, ವಾಷಿಂಗ್ಟನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಸುಮಾರು 2,600 ಕಿಲೋಮೀಟರು ರೈಲಿನಲ್ಲಿ ಒಯ್ದರು. ದಾರಿಯುದ್ದಕ್ಕೂ ಅಪಾರ ಜನ ಅಂತಿಮ ದರ್ಶನ ಪಡೆದರು. ಹೊಸ ವಿಧಾನಕ್ಕೆ ಅದಕ್ಕಿಂತ ದೊಡ್ಡ ಪ್ರಚಾರ ಬೇಕಿರಲಿಲ್ಲ.

ಕ್ರಮೇಣ ಶವ ಮನೆಯಿಂದ ಹೊರಗೆ ಹೋಯಿತು. ಪೆಟ್ಟಿಗೆ ಮಾಡುತ್ತಿದ್ದ ಬಡಗಿ ಇಡೀ ಸಂಸ್ಕಾರದ ಗುತ್ತಿಗೆದಾರನಾದ. ದೇಹವನ್ನು ಇರಿಸಿ, ಸಿಂಗರಿಸಿ, ಬಂಧುಗಳಿಗೆ ತೋರಿಸುವ ‘ಫ್ಯೂನರಲ್ ಹೋಮ್’ ಎಂಬ ಕಟ್ಟಡ ಊರೂರಿನಲ್ಲೂ ಎದ್ದಿತು. ಲಾಭ ಮುಖ್ಯವಾಗಿ ಬರುತ್ತಿದ್ದುದು ಶವಪೆಟ್ಟಿಗೆಯಿಂದ. ಬಿಡಿ ಬೆಲೆಗಳನ್ನು ಹೇಳದೆ ಎಲ್ಲವನ್ನೂ ಒಟ್ಟು ಸೇರಿಸಿ ಒಂದೇ ಮೊತ್ತ ಕೇಳುವ ರೂಢಿ ವ್ಯಾಪಕವಾಗಿತ್ತು. ಈ ವ್ಯವಹಾರವನ್ನು ಬಯಲಿಗೆಳೆದವರು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲೇಖಕಿ ಜೆಸಿಕಾ ಮಿಟ್‌ಫರ್ಡ್. 1963ರಲ್ಲಿ ಬಂದ ಅವರ ‘ದಿ ಅಮೆರಿಕನ್ ವೇ ಆಫ್ ಡೆತ್’ ಅಪಾರವಾಗಿ ಮಾರಾಟವಾಯಿತು. ಎರಡು ದಶಕಗಳ ಚರ್ಚೆಯ ನಂತರ, 1984ರಲ್ಲಿ, ಫೆಡರಲ್ ಟ್ರೇಡ್ ಕಮಿಷನ್ನಿನ ‘ಫ್ಯೂನರಲ್ ರೂಲ್’ ಜಾರಿಗೆ ಬಂತು. ಒಳಗೆ ಬಂದು ವಿಚಾರಿಸಿದವರಿಗೆ ಬಿಡಿಬಿಡಿಯಾದ ಬೆಲೆಪಟ್ಟಿ ಕೈಗೆ ಕೊಡಬೇಕು. ದೂರವಾಣಿಯಲ್ಲಿ ಕೇಳಿದರೂ ಬೆಲೆ ಹೇಳಬೇಕು. ಗಿರಾಕಿ ಬೇರೆ ಕಡೆ ಕೊಂಡು ತಂದ ಪೆಟ್ಟಿಗೆಯನ್ನು ನಿರಾಕರಿಸಬಾರದು. ಹಾಗೆ ತಂದ ಪೆಟ್ಟಿಗೆಗೆ ದಂಡದಂತೆ ಶುಲ್ಕ ಹಾಕುವುದನ್ನೂ 1994ರ ತಿದ್ದುಪಡಿ ನಿಷೇಧಿಸಿತು.

ಅಂತರ್ಜಾಲದ ಮಾರಾಟಕ್ಕೆ ಬಾಗಿಲು ತೆರೆದದ್ದು ಈ ಕೊನೆಯ ಅಂಶವೇ. ವಾಲ್‌ಮಾರ್ಟ್ 2009ರಲ್ಲಿ ತನ್ನ ಜಾಲತಾಣದಲ್ಲಿ ಶವಪೆಟ್ಟಿಗೆ ಮಾರತೊಡಗಿತು. ಆದರೆ ಕೆಲವು ರಾಜ್ಯಗಳ ಕಾನೂನು ಪರವಾನಗಿ ಪಡೆದ ಶವಸಂಸ್ಕಾರ ಸಂಸ್ಥೆಗಳನ್ನು ಬಿಟ್ಟು ಬೇರೆಯವರು ಪೆಟ್ಟಿಗೆ ಮಾರುವುದನ್ನು ತಡೆಯುತ್ತಿತ್ತು. ಲೂಯಿಸಿಯಾನದ ಸೇಂಟ್ ಜೋಸೆಫ್ ಮಠದ ಸನ್ಯಾಸಿಗಳು ಸರಳವಾದ ಮರದ ಪೆಟ್ಟಿಗೆಗಳನ್ನು ಮಾರಲು ಹೊರಟಾಗ ರಾಜ್ಯದ ಮಂಡಳಿ ಅಡ್ಡಬಂತು. ಸನ್ಯಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಒಂದು ವ್ಯಾಪಾರಿ ವರ್ಗವನ್ನು ಪೈಪೋಟಿಯಿಂದ ಕಾಪಾಡುವುದಷ್ಟೇ ಇಂಥ ನಿರ್ಬಂಧಕ್ಕೆ ಸಮರ್ಥನೆಯಾಗದು ಎಂದು 2013ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಪೆಟ್ಟಿಗೆಯ ಲಾಭಕ್ಕೆ ಇನ್ನೂ ದೊಡ್ಡ ಪೆಟ್ಟು ಕೊಟ್ಟದ್ದು ಶವದಹನ. ಆಧುನಿಕ ದಹನಗೃಹದಲ್ಲಿ ಅಮೆರಿಕದ ಮೊದಲ ದಹನ ನಡೆದದ್ದು 1876ರ ಡಿಸೆಂಬರ್ 6ರಂದು, ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಎಂಬ ಊರಿನಲ್ಲಿ. ಅದರ ಏರ್ಪಾಡು ಮಾಡಿದವರು ಥಿಯಾಸಾಫಿಕಲ್ ಸೊಸೈಟಿಯ ಸ್ಥಾಪಕರಲ್ಲೊಬ್ಬರಾದ, ಮುಂದೆ ಮದ್ರಾಸಿನ ಅಡ್ಯಾರಿನಲ್ಲಿ ನೆಲೆಸಿದ ಕರ್ನಲ್ ಆಲ್ಕಾಟ್ ಎಂಬುದು ಗಮನಾರ್ಹ. ಅಂದು ವಿಚಿತ್ರವೆನಿಸಿದ್ದ ಆ ಪದ್ಧತಿ 2015ರಲ್ಲಿ ಹೂಳುವ ಪದ್ಧತಿಯನ್ನು ಮೊದಲ ಬಾರಿಗೆ ಹಿಂದೆ ಹಾಕಿತು. ಖರ್ಚಿನ ವ್ಯತ್ಯಾಸ ಇದಕ್ಕೆ ಒಂದು ಮುಖ್ಯ ಕಾರಣ. ಅಲ್ಲಿನ ಶವಸಂಸ್ಕಾರ ನಿರ್ದೇಶಕರ ರಾಷ್ಟ್ರೀಯ ಸಂಘದ ಲೆಕ್ಕದಂತೆ, 2023ರಲ್ಲಿ ಅಂತಿಮ ದರ್ಶನಸಹಿತ ಹೂಳುವ ಸಂಸ್ಕಾರದ ಮಧ್ಯಮ ವೆಚ್ಚ 8,300 ಡಾಲರು. ದರ್ಶನಸಹಿತ ದಹನದ್ದು 6,280 ಡಾಲರು. ಸ್ಮಶಾನದ ಜಾಗದ ಬೆಲೆ ಇದರಲ್ಲಿ ಸೇರಿಲ್ಲ.

ಆದಾಯದ ಮೂಲ ಬದಲಾದಂತೆ ವ್ಯಾಪಾರದ ರೀತಿಯೂ ಬದಲಾಯಿತು. ನಿಧನವಾರ್ತೆಗಳು ಪತ್ರಿಕೆಗಳ ಜೊತೆಗೆ ಸಂಸ್ಥೆಗಳ ಸ್ವಂತ ಜಾಲತಾಣಗಳಲ್ಲೂ ಪ್ರಕಟವಾಗತೊಡಗಿದವು. ಓದಲು ಬಂದವರು ಅಲ್ಲಿಯೇ ಹೂಗುಚ್ಛಕ್ಕೆ ಹಣ ಕಟ್ಟಬಹುದು. 2020ರ ಕೋವಿಡ್ ಕಾಲದಲ್ಲಿ ಸಂಸ್ಕಾರದ ನೇರ ಪ್ರಸಾರ ಸಾಮಾನ್ಯವಾಯಿತು. ಸಾವಿಗೆ ಮುನ್ನವೇ ಸಂಸ್ಕಾರವನ್ನೂ ಸಮಾಧಿಯ ಜಾಗವನ್ನೂ ಕಾಯ್ದಿರಿಸಿಕೊಳ್ಳಿ ಎಂಬ ಜಾಹೀರಾತುಗಳು ವಯಸ್ಸಾದವರ ಪರದೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಇತ್ತ ಮಾಲೀಕತ್ವವೂ ಕೆಲವರ ಕೈಸೇರಿದೆ. 1962ರಲ್ಲಿ ಹ್ಯೂಸ್ಟನ್ನಿನಲ್ಲಿ ಆರಂಭವಾದ ಸರ್ವಿಸ್ ಕಾರ್ಪೊರೇಷನ್ ಇಂಟರ್‌ನ್ಯಾಷನಲ್ ಸಾವಿರಕ್ಕೂ ಹೆಚ್ಚು ಶವಸಂಸ್ಕಾರ ಸಂಸ್ಥೆಗಳ ಒಡೆತನ ಪಡೆಯಿತು. ಅನೇಕ ಕಡೆ ಫಲಕದ ಮೇಲೆ ಹಳೆಯ ಕುಟುಂಬದ ಹೆಸರನ್ನೇ ಉಳಿಸಿಕೊಂಡಿತು.

ಇಷ್ಟೆಲ್ಲ ಪ್ರಚಾರದ ನಡುವೆ ಬೆಲೆ ಮಾತ್ರ ಅನೇಕ ಜಾಲತಾಣಗಳಲ್ಲಿ ಕಾಣುವುದಿಲ್ಲ. 1984ರಲ್ಲಿ ಜಾಲತಾಣಗಳೇ ಇರಲಿಲ್ಲವಾದ್ದರಿಂದ ಆಗಿನ ನಿಯಮದಲ್ಲಿ ಅವುಗಳ ಪ್ರಸ್ತಾಪವಿಲ್ಲ. ಕ್ಯಾಲಿಫೋರ್ನಿಯಾ 2013ರಿಂದ ಕಾನೂನು ತಂದಿತಾದರೂ, ‘ಕೇಳಿದರೆ ಬೆಲೆಪಟ್ಟಿ ಕೊಡುತ್ತೇವೆ’ ಎಂದು ಬರೆದು ಸೇವೆಗಳ ಹೆಸರನ್ನಷ್ಟೇ ಪ್ರಕಟಿಸಲೂ ಅದರಲ್ಲಿ ಅವಕಾಶವಿತ್ತು. 2022ರಲ್ಲಿ ಕಮಿಷನ್ ಜಾಲತಾಣದ ಬೆಲೆಪಟ್ಟಿಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅದೇ ವರ್ಷ ಸರ್ಕಾರ ಒಂದು ಸಂಸ್ಥೆಯ ಮೇಲೆ ದಾವೆ ಹೂಡಿತು: ಊರಿನದೇ ದಹನಗೃಹವೆಂಬಂತೆ ಅಂತರ್ಜಾಲದಲ್ಲಿ ತೋರಿಸಿಕೊಂಡು, ಹೇಳಿದ್ದಕ್ಕಿಂತ ಹೆಚ್ಚು ಹಣ ಕೇಳಿ, ಕೊಡುವವರೆಗೆ ಅಸ್ಥಿಯನ್ನು ತಡೆಹಿಡಿಯುತ್ತಿತ್ತು ಎಂಬುದು ಆರೋಪ. ಕಮಿಷನ್ನಿನ ಸಿಬ್ಬಂದಿ ಗಿರಾಕಿಗಳಂತೆ 250ಕ್ಕೂ ಹೆಚ್ಚು ಸಂಸ್ಥೆಗಳಿಗೆ ದೂರವಾಣಿ ಮಾಡಿ ಪರೀಕ್ಷಿಸಿದರು. 2024ರ ಜನವರಿಯಲ್ಲಿ 39 ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರ ಹೋಯಿತು. ಬ್ರಿಟನ್ ಬೇರೆ ದಾರಿ ಹಿಡಿಯಿತು. 2021ರ ಸೆಪ್ಟೆಂಬರಿನಿಂದ ಅಲ್ಲಿನ ಶವಸಂಸ್ಕಾರ ಸಂಸ್ಥೆಗಳು ಒಂದೇ ನಮೂನೆಯ ಬೆಲೆಪಟ್ಟಿಯನ್ನು ಕಚೇರಿಯಲ್ಲೂ, ಜಾಲತಾಣವಿದ್ದರೆ ಅದರಲ್ಲೂ ಪ್ರಕಟಿಸಬೇಕಾಯಿತು.

ಇದು ಕೇವಲ ಪರದೇಶದವರ ಕಥೆಯಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಸಾವಾದರೂ ಸಾಮಾನ್ಯವಾಗಿ ಇಂಥದೇ ಸಂಸ್ಥೆಯ ಬಾಗಿಲಿಗೆ ಹೋಗಬೇಕಾಗುತ್ತದೆ. ಅಲ್ಲಿ ಕೇರಿಯವರು ಚಟ್ಟ ಕಟ್ಟಲು ಬರುವುದಿಲ್ಲ. ಆದರೆ ದರ್ಶನ, ಸಮಾರಂಭಗಳಿಲ್ಲದ ನೇರ ದಹನಕ್ಕೆ ಬೆಲೆಬಾಳುವ ಶವಪೆಟ್ಟಿಗೆಯೇ ಬೇಕೆಂದು ಯಾವ ಸಂಸ್ಥೆಯೂ ಹೇಳುವಂತಿಲ್ಲ, ರಟ್ಟಿನಂಥ ಸಾದಾ ಪೆಟ್ಟಿಗೆಯ ಅನುಕೂಲ ಇರಲೇಬೇಕು ಎಂದು ಆ ನಿಯಮವೇ ಹೇಳುತ್ತದೆ. ಇಂಥ ಹಕ್ಕುಗಳು ದುಃಖದಲ್ಲಿರುವವನ ನೆನಪಿಗೆ ಬರುವುದು ಕಷ್ಟ. ಬೆಲೆ ವಿಚಾರಿಸಿದರೆ ಸತ್ತವರಿಗೆ ಅಗೌರವವಾದೀತೆಂಬ ಅಳುಕು ಬೇರೆ. ಆದ್ದರಿಂದ ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು, ಮನೆಯವರ ಪರವಾಗಿ ಪಟ್ಟಿ ಕೇಳಿ, ಓದಿ ಹೇಳುವ ನೆಂಟನೋ ಸ್ನೇಹಿತನೋ ಬೇಕು. ಹೆಗಲು ಕೊಡುವುದೆಂದರೆ ಆ ದೇಶದಲ್ಲಿ ಇದೂ ಸೇರಿದೆ.