ಇನ್ನೂ ಎಷ್ಟು ದಿನ ಆ ಔಷಧ?

(ಮಹಿಳಾ ವಿಭಾಗದ ಆರೋಗ್ಯ ಮಾಲಿಕೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಆರೋಗ್ಯದ ವಿಷಯಕ್ಕೆ ಡಾಕ್ಟರರನ್ನು ಕರೆಯುವುದು ನಮ್ಮಲ್ಲಿ ವಾಡಿಕೆ. ನಾನು ಡಾಕ್ಟರಲ್ಲ. ಎಂ.ಟೆಕ್. ಓದಿ, ಐಟಿ ಕಂಪನಿಯಲ್ಲಿ ಅಂಕಿ-ಅಂಶಗಳ ಜೊತೆ ಕೆಲಸ ಮಾಡುವವಳು. ಆದರೂ ಈ ವಿಷಯವನ್ನು ನಾನೇ ಕೇಳಿ ತೆಗೆದುಕೊಂಡೆ. ಏಕೆಂದರೆ ಇದರಲ್ಲಿ ನನ್ನದೊಂದು ತಪ್ಪಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾವಶಿ ಕಲಬುರಗಿ ಕಡೆಯವರು. ಮುಂಬಯಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತು ಊರಿನದೇ. ಮೂರು ವರ್ಷದ ಹಿಂದೆ ಒಂದು ದಿನ ತಡವಾಗಿ ಬಂದು, "ಮಗಾ ಔಷಧ ಕುಡೀಲಾಕ ಹೋಗಿದ್ದ ಅಕ್ಕೋರೆ, ಅವ ಬಂದಮ್ಯಾಗ ಬಂದೀನಿ" ಎಂದರು. ಏನು ಔಷಧ ಎಂದು ಕೇಳಿದೆ. ಹುಡುಗ ಗರ್ದ್ ಸೇದುತ್ತಿದ್ದನಂತೆ. ಈಗ ಒಂದೂವರೆ ವರ್ಷದಿಂದ ಸರ್ಕಾರಿ ಕೇಂದ್ರದಲ್ಲಿ ದಿನಾ ಮೆಥಡೋನ್ ಕುಡಿಯುತ್ತಾನೆ, ಒಂದು ಗೋಡೌನಿನಲ್ಲಿ ಕೆಲಸಕ್ಕೂ ಹೋಗುತ್ತಾನೆ ಎಂದರು.

ನಾನು ಮೊಬೈಲಿನಲ್ಲಿ ಐದು ನಿಮಿಷ ಹುಡುಕಿ, ಅದೂ ಅಫೀಮಿನ ಜಾತಿಯದೇ ಎಂದು ಓದಿದೆ. "ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗಾಯಿತಲ್ಲ ಮಾವಶಿ? ಇನ್ನೂ ಎಷ್ಟು ದಿನ ಕುಡೀತಾನೆ? ಗಟ್ಟಿ ಮನಸ್ಸು ಮಾಡಿ ಬಿಡೋಕೆ ಹೇಳಿ" ಎಂದುಬಿಟ್ಟೆ. ಓದಿದವಳು ಹೇಳಿದ್ದಾಳೆಂದು ಅವರು ಮಗನಿಗೆ ಹೇಳಿದರು. ಅವನು ಬಿಟ್ಟ. ತಿಂಗಳೊಳಗೆ ಮತ್ತೆ ಗರ್ದ್ ಶುರುವಾಯಿತು. ಕೆಲಸ ಹೋಯಿತು, ಮನೆಯ ಗ್ಯಾಸ್ ಸಿಲಿಂಡರ್ ಕೂಡ ಹೋಯಿತು. ಎಂಟು ತಿಂಗಳ ನಂತರ ಅವನು ತಿರುಗಿ ಕೇಂದ್ರದ ಬಾಗಿಲಿಗೆ ಬಂದ. ಜೀವಂತ ಬಂದದ್ದೇ ದೊಡ್ಡದು. ಔಷಧ ಬಿಟ್ಟಾಗ ದೇಹದ ತಾಳುವ ಶಕ್ತಿ ಇಳಿದಿರುತ್ತದೆ, ಆಮೇಲೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು ಎಂದು ನನಗೆ ಗೊತ್ತಾದದ್ದು ಆಮೇಲೆ. ಮಾವಶಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದ್ದರಿಂದಲೇ ನಾನು ಕೂತು ಸರಿಯಾಗಿ ಓದಿದೆ.

ಮೆಥಡೋನ್ 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ತಯಾರಾದ ನೋವಿನ ಔಷಧ. ಅದನ್ನು ಹೆರಾಯಿನ್ ಚಟದ ಚಿಕಿತ್ಸೆಗೆ ಬಳಸಬಹುದೆಂದು 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಿಕೊಟ್ಟವರು ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್. ಮೇರಿ ಮನೋವೈದ್ಯೆ. ಹೆರಾಯಿನ್ನಿನ ಪ್ರಭಾವ ಕೆಲವೇ ಗಂಟೆ. ಅದು ಇಳಿಯುತ್ತಿದ್ದಂತೆ ಮೈ ನಡುಕ, ಬೇಧಿ, ಮೂಳೆ ನೋವು. ಹಾಗಾಗಿ ಇಡೀ ದಿನ ಮುಂದಿನ ಪುಡಿಗಾಗಿ ಅಲೆಯುವುದೇ ಆಗುತ್ತದೆ. ಮೆಥಡೋನ್ ನಿಧಾನವಾಗಿ ಏರಿ ಸುಮಾರು ಒಂದು ದಿನ ನಿಲ್ಲುತ್ತದೆ. ಸರಿಯಾದ ಪ್ರಮಾಣದಲ್ಲಿ ಕುಡಿದವನಿಗೆ ಅಮಲೂ ಇಲ್ಲ, ನಡುಕವೂ ಇಲ್ಲ. ಸೂಜಿ ಬೇಕಿಲ್ಲದ್ದರಿಂದ ಎಚ್‌ಐವಿ ಹರಡುವ ಭಯವೂ ಕಡಿಮೆ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಚಿಕಿತ್ಸೆಗಾಗಿ ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಮೆಥಡೋನ್ ಶುರುವಾದದ್ದು 2012ರಲ್ಲಿ. ಅದಕ್ಕೂ ಮೊದಲಿನಿಂದ, ಇಂದಿಗೂ ಹೆಚ್ಚಾಗಿ ಕೊಡುವುದು ನಾಲಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ.

ಹಾಗಾದರೆ ಔಷಧ ಸಿಕ್ಕರೆ ಬದುಕು ಸುಧಾರಿಸಿತೇ? ಇಲ್ಲಿ ನನ್ನ ಕೆಲಸದ ಬುದ್ಧಿ ಉಪಯೋಗಕ್ಕೆ ಬಂತು. ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯದೊಂದು ಪ್ರಶ್ನಾವಳಿ ಇದೆ. ಅದನ್ನು ರೂಪಿಸಿದ ಕೇಂದ್ರಗಳಲ್ಲಿ ನಮ್ಮ ದೆಹಲಿ, ಚೆನ್ನೈಗಳೂ ಇದ್ದವು. ಅದರ ಚಿಕ್ಕ ರೂಪದಲ್ಲಿ 26 ಪ್ರಶ್ನೆ. ಎರಡು ಒಟ್ಟಾರೆ ಬದುಕಿನದು. ಉಳಿದವುಗಳಲ್ಲಿ ಏಳು ದೇಹದ್ದು, ಆರು ಮನಸ್ಸಿನದು, ಮೂರು ಸಂಬಂಧಗಳದ್ದು, ಎಂಟು ಪರಿಸರದ್ದು. ಪರಿಸರ ಎಂದರೆ ಮರಗಿಡ ಅಷ್ಟೇ ಅಲ್ಲ. ಭದ್ರತೆ ಇದೆಯೇ, ಕೈಯಲ್ಲಿ ದುಡ್ಡಿದೆಯೇ, ಇರುವ ಮನೆ ಹೇಗಿದೆ, ಓಡಾಟಕ್ಕೆ ಏನಿದೆ ಎಂಬಂಥ ಪ್ರಶ್ನೆಗಳು.

ಮಾವಶಿಯ ಮಗನನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಿದೆ. ತಿರುಗಿ ಔಷಧ ಶುರುವಾದ ಮೇಲೆ ಅವನಿಗೆ ನಿದ್ದೆ ಬಂತು, ಊಟ ಸೇರಿತು, ತಾಯಿಯ ಜೊತೆ ಮಾತು ಶುರುವಾಯಿತು. ಆದರೆ ಆ ಎಂಟು ಪ್ರಶ್ನೆಗಳಲ್ಲಿ ಒಂದರ ಉತ್ತರವೂ ಬದಲಾಗಿರಲಿಲ್ಲ. ಅದೇ ಹತ್ತು ಬೈ ಹತ್ತರ ಖೋಲಿ. ಪುಡಿ ಮಾರುವವನು ಅದೇ ಗಲ್ಲಿಯ ತಿರುವಿನಲ್ಲಿ. ಕೇಂದ್ರದ ಬಾಗಿಲು ತೆರೆಯುವುದೂ ಕೂಲಿ ಕೆಲಸ ಶುರುವಾಗುವುದೂ ಒಂದೇ ಹೊತ್ತಿಗೆ. ಔಷಧ ದೇಹವನ್ನು ಹಿಡಿದು ನಿಲ್ಲಿಸುತ್ತದೆ. ಖೋಲಿಯನ್ನು ದೊಡ್ಡದು ಮಾಡುವುದು ಔಷಧದ ಕೈಯಲ್ಲಿಲ್ಲ.

ಇದು ನಮ್ಮ ಊರಿನ ಕತೆಯಷ್ಟೇ ಅಲ್ಲ. ಸ್ಕಾಟ್ಲೆಂಡ್ ತನ್ನ ಅಂಕಿ-ಅಂಶಗಳನ್ನು ಎಲ್ಲರಿಗೂ ಕಾಣುವಂತೆ ಇಡುತ್ತದೆ. ಇಡೀ ದೇಶವನ್ನು 6,976 ಚಿಕ್ಕ ಚಿಕ್ಕ ಭಾಗ ಮಾಡಿ, ಆದಾಯ, ಉದ್ಯೋಗ, ವಸತಿ ಮುಂತಾದ ಏಳು ವಿಷಯಗಳಲ್ಲಿ ಯಾವ ಭಾಗ ಎಷ್ಟು ಹಿಂದಿದೆ ಎಂದು ಲೆಕ್ಕ ಹಾಕಿದ್ದಾರೆ. 2020ರಲ್ಲಿ ಅಲ್ಲಿ ಮಾದಕ ವಸ್ತುಗಳಿಂದ 1,339 ಜನ ಸತ್ತರು. ತೀರ ಹಿಂದುಳಿದ ಭಾಗಗಳಲ್ಲಿ ಹಾಗೆ ಸಾಯುವ ಸಂಭವ ಅನುಕೂಲಸ್ಥರ ಭಾಗಗಳಿಗಿಂತ 18 ಪಟ್ಟು. ಅಲ್ಲಿ ಮೆಥಡೋನ್ ಹೊಸದಲ್ಲ, ಔಷಧದಂಗಡಿಯಲ್ಲೇ ಕುಡಿಸುತ್ತಾರೆ. ಇನ್ನೊಂದನ್ನೂ ಮುಚ್ಚಿಡಬಾರದು. ಆ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮೆಥಡೋನ್ ಪಾತ್ರವೂ ಇತ್ತು. ಬೀದಿಯಲ್ಲಿ ಸಿಗುವ ನಿದ್ದೆ ಮಾತ್ರೆ, ಮದ್ಯ ಇತ್ಯಾದಿಗಳ ಜೊತೆ ಬೆರೆತರೆ ಅದು ಅಪಾಯಕಾರಿ. ಅದಕ್ಕೇ ಕಣ್ಣೆದುರು ಕುಡಿಸುವುದು, ಮಕ್ಕಳ ಕೈಗೆ ಸಿಗದಂತೆ ಇಡುವುದು.

ಇಷ್ಟಾದ ಮೇಲೆ ಅವರು ಔಷಧವನ್ನು ನಿಲ್ಲಿಸಲಿಲ್ಲ. 2021ರಲ್ಲಿ ಹತ್ತು ಮಾನದಂಡ ಹೊರಡಿಸಿದರು. ಕೇಳಿಕೊಂಡು ಬಂದವರಿಗೆ ಅದೇ ದಿನ ಚಿಕಿತ್ಸೆ ಶುರು ಮಾಡುವ ಅವಕಾಶ ಇರಬೇಕು. ಅವರಿಗೆ ಬೇಕಾದಷ್ಟು ಕಾಲ ಚಿಕಿತ್ಸೆಯಲ್ಲಿ ಉಳಿಯಲು ಬೆಂಬಲ ಕೊಡಬೇಕು. ಮನೆ, ಸರ್ಕಾರಿ ನೆರವು, ಆದಾಯದ ವಿಷಯದಲ್ಲೂ ಸಹಾಯ ಮಾಡಬೇಕು. "ಇನ್ನೂ ಎಷ್ಟು ದಿನ" ಎಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು: ಬೇಕಾದಷ್ಟು ದಿನ.

ಆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ ನನ್ನನ್ನು ತುಂಬಾ ಕಾಡಿತು. ದಿನದ ಬದುಕು ನಡೆಸಲು ನಿಮಗೆ ವೈದ್ಯಕೀಯ ಚಿಕಿತ್ಸೆ ಎಷ್ಟರ ಮಟ್ಟಿಗೆ ಬೇಕು ಎಂಬುದು ಆ ಪ್ರಶ್ನೆ. "ತುಂಬಾ ಬೇಕು" ಎಂದರೆ ಅಂಕ ಕಡಿಮೆ. ಅಂದರೆ ತಪ್ಪದೆ ಔಷಧ ಕುಡಿದು, ಕೆಲಸಕ್ಕೆ ಹೋಗಿ, ತಾಯಿಯ ಕೈಗೆ ದುಡ್ಡು ಕೊಡುವ ಹುಡುಗನಿಗೂ ಈ ಒಂದು ಪ್ರಶ್ನೆಯಲ್ಲಿ ಅಂಕ ಕಡಿತ. ಎಲ್ಲ ದೀರ್ಘ ಕಾಯಿಲೆಯವರಿಗೂ ಇದು ಹೀಗೆಯೇ. ನಮ್ಮ ಅಮ್ಮ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅವರನ್ನು ನಾನು ಒಮ್ಮೆಯೂ "ಇನ್ನೂ ಎಷ್ಟು ದಿನ" ಎಂದು ಕೇಳಿಲ್ಲ. ಸೂಜಿ ತಪ್ಪಿಸಿದರೆ ಬೈಯುತ್ತೇನೆ. ಮಾವಶಿಯ ಮಗ ಔಷಧ ತಪ್ಪಿಸದಿದ್ದಕ್ಕೇ ನಾನು ಅವನನ್ನು ಹಳಿದಿದ್ದೆ.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಅಫೀಮು ಜಾತಿಯ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ. ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಇಷ್ಟು ಜನರ ಹಿಂದೆ ಎಷ್ಟು ತಾಯಂದಿರು, ಎಷ್ಟು ಹೆಂಡತಿಯರು ಎಂದು ನೀವೇ ಲೆಕ್ಕ ಹಾಕಿ. ಅವರಲ್ಲಿ ಕೆಲವರು ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿರಬಹುದು. ಕೆಲವರು ಈ ಸಭೆಯಲ್ಲೇ ಸುಮ್ಮನೆ ಕೂತಿರಬಹುದು.

ಅದಕ್ಕೆ ನನ್ನದು ಮೂರು ವಿನಂತಿ. ಒಂದು, ಔಷಧ ನಿಲ್ಲಿಸುವ, ಕಡಿಮೆ ಮಾಡುವ ಮಾತನ್ನು ಡಾಕ್ಟರರಿಗೆ ಬಿಡೋಣ. ಎರಡು, "ಗರ್ದುಲ್ಲಾ" ಎಂಬ ಪದವನ್ನು ನಮ್ಮ ಬಾಯಿಂದ ತೆಗೆಯೋಣ. ಮೂರು, ನಮ್ಮ ಕೈಯಲ್ಲಿರುವ ಚಿಕ್ಕ ಅನುಕೂಲ ಮಾಡಿಕೊಡೋಣ. ನಮ್ಮಲ್ಲಿ ಅಂಗಡಿ, ಹೋಟೆಲು ನಡೆಸುವ ಮನೆಯವರು ಬಹಳ ಇದ್ದೀರಿ. ಔಷಧ ಕುಡಿದು ಬರುವವನಿಗೆ ಒಂದು ಗಂಟೆ ತಡವಾಗಿ ಬರಲು ಬಿಡುವುದೂ ಚಿಕಿತ್ಸೆಯೇ. ಸಹಾಯ ಬೇಕಾದವರಿಗೆ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ, ಬರೆದುಕೊಳ್ಳಿ.

ಮಾವಶಿಯ ಮಗನಿಗೆ ಈಗ ಮಧ್ಯಾಹ್ನದ ಪಾಳಿಯ ಕೆಲಸ ಸಿಕ್ಕಿದೆ. ಬೆಳಿಗ್ಗೆ ಔಷಧ, ಆಮೇಲೆ ಕೆಲಸ. ಹೋದ ವಾರ ಮಾವಶಿ ಮತ್ತೆ ತಡವಾಗಿ ಬಂದರು. "ಔಷಧ ಕುಡಿದನೇ?" ಎಂದು ಕೇಳಿದೆ. "ಕುಡದಾನ್ರಿ ಅಕ್ಕೋರೆ" ಎಂದು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತರು.