ಎಂ.ಓ.ಟಿ.ಗೆ ಹೊರಡುವ ಮುನ್ನ ನಿಮ್ಮ ಪ್ರಶ್ನೆ ಯಾವುದು?

(ಸಂಸ್ಥೆಯ ಶೈಕ್ಷಣಿಕ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪಿ.ಯು.ಸಿ. ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡೇ ಮಾತು: ಒಂದೋ ಡಾಕ್ಟರ್, ಇಲ್ಲವೇ ಎಂಜಿನಿಯರ್. ಎರಡೂ ಸಿಗದಿದ್ದರೆ ಮಗು ಸೋತಿತೆಂದೇ ತಿಳಿಯುತ್ತೇವೆ. ಆಸ್ಪತ್ರೆಯೆಂದರೆ ವೈದ್ಯರು ಮತ್ತು ನರ್ಸುಗಳು ಮಾತ್ರವಲ್ಲ ಎಂಬುದನ್ನು ಇಂದು ಒಂದು ವೃತ್ತಿಯ ಮೂಲಕ ತಿಳಿಸಬೇಕೆಂದಿದ್ದೇನೆ. ಅದು ಆಕ್ಯುಪೇಷನಲ್ ಥೆರಪಿ. ಮುಖ್ಯವಾಗಿ ಅದರ ಸ್ನಾತಕೋತ್ತರ ಪದವಿಯಾದ ಎಂ.ಓ.ಟಿ.ಗೆ ಹೇಗೆ ಸಿದ್ಧರಾಗಬೇಕು, ಸೇರಿದ ಮೇಲೆ ಮೊದಲ ವರ್ಷವನ್ನು ಹೇಗೆ ಎದುರಿಸಬೇಕು ಎಂಬ ಬಗ್ಗೆ ಮಾತನಾಡುತ್ತೇನೆ.

ಮೊದಲಿಗೆ ಒಂದು ಗೊಂದಲ ನಿವಾರಿಸೋಣ. ಓ.ಟಿ. ಎಂದೊಡನೆ ಬಹಳ ಜನ ಆಪರೇಷನ್ ಥಿಯೇಟರ್ ಎಂದುಕೊಳ್ಳುತ್ತಾರೆ. ಆಪರೇಷನ್ ಥಿಯೇಟರ್ ಟೆಕ್ನಾಲಜಿ ಬೇರೆಯೇ ಕೋರ್ಸು. ಅರ್ಜಿ ತುಂಬುವಾಗ ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ. ಕನ್ನಡದಲ್ಲಿ ಕೆಲವರು ಇದನ್ನು ಔದ್ಯೋಗಿಕ ಚಿಕಿತ್ಸೆ ಎನ್ನುತ್ತಾರೆ. ಆದರೆ ಇದು ಕೆಲಸ ಕೊಡಿಸುವ ಚಿಕಿತ್ಸೆಯೂ ಅಲ್ಲ. ಇಲ್ಲಿ ಆಕ್ಯುಪೇಷನ್ ಎಂದರೆ ಬೆಳಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಮನುಷ್ಯ ಮಾಡುವ, ಅವನಿಗೆ ಬೇಕಾದ ಎಲ್ಲ ಚಟುವಟಿಕೆಗಳು: ಹಲ್ಲುಜ್ಜುವುದು, ಸ್ನಾನ, ಊಟ, ಬಟ್ಟೆ, ಅಡುಗೆ, ಶಾಲೆ, ಅಂಗಡಿ, ಪ್ರಾರ್ಥನೆ.

ಒಂದು ಉದಾಹರಣೆ ಕೊಡುತ್ತೇನೆ. ಅರವತ್ತು ದಾಟಿದ ಒಬ್ಬ ಹಿರಿಯರಿಗೆ ಪಾರ್ಶ್ವವಾಯು ಬಡಿದು ಬಲಭಾಗ ದುರ್ಬಲವಾಗಿದೆ ಎಂದುಕೊಳ್ಳಿ. ವೈದ್ಯರು ಪ್ರಾಣ ಉಳಿಸಿದರು. ಫಿಸಿಯೋಥೆರಪಿಯಿಂದ ಕಾಲಿಗೆ ಬಲ ಬಂತು, ನಾಲ್ಕು ಹೆಜ್ಜೆ ನಡೆದರು. ಮನೆಗೆ ಬಂದ ಮೇಲೆ ಅಂಗಿ ಹಾಕಲು ಮಗ ಬೇಕು, ಸ್ನಾನಕ್ಕೆ ಹೆಂಡತಿ ಬೇಕು. ಬಲಗೈಯಲ್ಲಿ ಅನ್ನ ಕಲಸಲಾಗದು, ಎಡಗೈಯಲ್ಲಿ ಉಣ್ಣಲು ಮನಸ್ಸೊಪ್ಪದು. ವುಝೂ ಮಾಡಲು ಬಗ್ಗಿದರೆ ಬೀಳುವ ಭಯ. ಆಸ್ಪತ್ರೆಯ ಕಡತದಲ್ಲಿ ಅವರು ಚೇತರಿಸಿಕೊಂಡಿದ್ದಾರೆ, ಮನೆಯಲ್ಲಿ ಮಾತ್ರ ದಿನವಿಡೀ ಒಂದೇ ಕುರ್ಚಿಯಲ್ಲಿ ಕುಳಿತಿರುತ್ತಾರೆ.

ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ ಆರಂಭಿಸುವುದು ಇಲ್ಲಿಂದ. ಅಂಗಿ ತೊಡುವಾಗ ದುರ್ಬಲ ಕೈಯನ್ನು ಮೊದಲು ತೋಳಿನೊಳಗೆ ಹಾಕಬೇಕು, ಕಳಚುವಾಗ ಸರಿಯಿರುವ ಕೈಯನ್ನು ಮೊದಲು ತೆಗೆಯಬೇಕು ಎಂದು ಕಲಿಸುತ್ತಾರೆ. ಚಮಚದ ಹಿಡಿಯನ್ನು ದಪ್ಪ ಮಾಡಿ ಬಲಗೈಗೇ ಕೊಡುತ್ತಾರೆ. ಬಚ್ಚಲಲ್ಲಿ ಹಿಡಿಕೆ ಎಲ್ಲಿರಬೇಕು, ಕುರ್ಚಿ ಎಷ್ಟು ಎತ್ತರವಿರಬೇಕು, ನಲ್ಲಿಯ ಮುಂದೆ ಕುಳಿತು ಕೈಕಾಲು ತೊಳೆಯುವುದು ಹೇಗೆ ಎಂದು ಮನೆಯವರೊಂದಿಗೆ ಕುಳಿತು ನಿರ್ಧರಿಸುತ್ತಾರೆ. ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವ ಮಗು, ಕೈಗೆ ಪೆಟ್ಟಾದ ಕಾರ್ಮಿಕ, ಮಾನಸಿಕ ಕಾಯಿಲೆಯಿಂದ ಹೊರಬರುತ್ತಿರುವ ಯುವಕ, ಇವರೆಲ್ಲರ ವಿಷಯದಲ್ಲೂ ಪ್ರಶ್ನೆ ಒಂದೇ: ಇವರು ತಮ್ಮ ದಿನವನ್ನು ತಾವೇ ನಡೆಸುವಂತಾಗುವುದು ಹೇಗೆ?

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ವಿವಾಹವಾಗಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್ ಅವರ ಪ್ರಯತ್ನದಿಂದ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ಆರಂಭವಾಯಿತು. 1952ರಲ್ಲಿ ಅಖಿಲ ಭಾರತ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಭಾರತವೂ ಒಂದು. ಇಷ್ಟಾದರೂ ಕರ್ನಾಟಕದಲ್ಲಿ ಫಿಸಿಯೋಥೆರಪಿ ಕಾಲೇಜುಗಳು ಹತ್ತಾರು ಇದ್ದರೆ, ಆಕ್ಯುಪೇಷನಲ್ ಥೆರಪಿ ಕಲಿಸುವವು ಬೆರಳೆಣಿಕೆಯಷ್ಟು ಮಾತ್ರ.

ಈಗ ದಾರಿಯ ವಿಷಯ. ಭಾರತದಲ್ಲಿ ಎಂ.ಓ.ಟಿ. ಎರಡು ವರ್ಷದ ಕೋರ್ಸು. ಅದಕ್ಕೆ ಬಿ.ಓ.ಟಿ. ಪದವಿ ಇರಲೇಬೇಕು. ಮನಶ್ಶಾಸ್ತ್ರದಲ್ಲೋ ಜೀವಶಾಸ್ತ್ರದಲ್ಲೋ ಪದವಿ ಮುಗಿಸಿ ಎಂ.ಓ.ಟಿ.ಗೆ ಬರುತ್ತೇನೆಂದರೆ ಆಗದು. ಅಮೆರಿಕದಲ್ಲಿ ಬೇರೆ ವಿಷಯದ ಪದವೀಧರರೂ ಅಂಗರಚನೆ, ಶರೀರಕ್ರಿಯೆ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರದಂತಹ ವಿಷಯಗಳನ್ನು ಓದಿಕೊಂಡು ಸ್ನಾತಕೋತ್ತರ ಕೋರ್ಸಿನಿಂದಲೇ ಈ ವೃತ್ತಿಗೆ ಬರಬಹುದು. ಅಲ್ಲಿನ ಬಂಧುಗಳ ಮಾತು ಕೇಳಿ ಇಲ್ಲಿಯೂ ಹಾಗೆಯೇ ಎಂದು ತಿಳಿಯಬೇಡಿ. ಆದ್ದರಿಂದ ಪಿ.ಯು.ಸಿ. ಓದುತ್ತಿರುವವರು ಈಗಲೇ ಯೋಚಿಸಬೇಕು.

ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಬಿ.ಓ.ಟಿ., ಎಂ.ಓ.ಟಿ. ಎರಡೂ ಇವೆ. ಹೊರಗೆ ಮುಂಬಯಿಯ ಕೆ.ಇ.ಎಂ., ಒಡಿಶಾದ ಕಟಕ್ ಬಳಿಯ ಸ್ವಾಮಿ ವಿವೇಕಾನಂದ ರಾಷ್ಟ್ರೀಯ ಪುನರ್ವಸತಿ ಸಂಸ್ಥೆ ಮುಂತಾದವು ಹೆಸರಾದವು. ಸರ್ಕಾರಿ ಸಂಸ್ಥೆಗಳಲ್ಲಿ ಶುಲ್ಕ ಕಡಿಮೆ, ಸ್ಪರ್ಧೆ ಹೆಚ್ಚು. ದೂರವೆಂಬ ಒಂದೇ ಕಾರಣಕ್ಕೆ ಅವುಗಳನ್ನು ಬಿಟ್ಟುಬಿಡಬೇಡಿ. 2021ರ ಕೇಂದ್ರ ಕಾಯ್ದೆಯ ಪ್ರಕಾರ ರಚನೆಯಾದ ರಾಷ್ಟ್ರೀಯ ಆಯೋಗಕ್ಕೆ ಈ ಕೋರ್ಸುಗಳ ಪ್ರವೇಶ, ಪಠ್ಯಕ್ರಮ, ನೋಂದಣಿಗಳನ್ನು ಏಕರೂಪಗೊಳಿಸುವ ಅಧಿಕಾರವಿದೆ. ಹಾಗಾಗಿ ಅಣ್ಣನೋ ಅಕ್ಕನೋ ಸೇರಿದಾಗ ಇದ್ದ ನಿಯಮವನ್ನು ನಂಬಿ ಕೂರದೆ ಆ ವರ್ಷದ ಪ್ರಕಟಣೆಯನ್ನೇ ಓದಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಅಥವಾ ಬ್ಯಾಂಕ್ ಸಾಲ ನಿಮ್ಮ ಕೋರ್ಸಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಸೀಟು ಸಿಕ್ಕ ಮೇಲಲ್ಲ, ಅರ್ಜಿ ಹಾಕುವ ಮೊದಲೇ ವಿಚಾರಿಸಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಮೂರು ಸಂಗತಿ ಕೇಳಿ. ಬಿ.ಓ.ಟಿ. ಸೇರುವವರು ಆ ಕೋರ್ಸಿಗೆ ವಿಶ್ವ ಒಕ್ಕೂಟದ ಮನ್ನಣೆ ಇದೆಯೇ ಎಂದು ಕೇಳಬೇಕು. ಕನಿಷ್ಠ 1000 ಗಂಟೆಗಳ ಕ್ಷೇತ್ರಾನುಭವವನ್ನು ಆ ಒಕ್ಕೂಟ ಬಯಸುತ್ತದೆ. ಹೊರದೇಶಗಳಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಎರಡನೆಯದು, ನೀವು ಬಯಸುವ ವಿಭಾಗದ ರೋಗಿಗಳು ಆ ಆಸ್ಪತ್ರೆಗೆ ಬರುತ್ತಾರೆಯೇ? ಮಕ್ಕಳ ವಿಭಾಗ ಬೇಕೆನ್ನುವವರು ಮಕ್ಕಳೇ ಬಾರದ ಕಡೆ ಸೇರಿ ಪ್ರಯೋಜನವಿಲ್ಲ. ಮೂರನೆಯದು, ಆ ವಿಭಾಗದಲ್ಲಿ ನಿಮಗೆ ಮಾರ್ಗದರ್ಶನ ಮಾಡುವ ಹಿರಿಯ ಅಧ್ಯಾಪಕರು ಇದ್ದಾರೆಯೇ?

ಇಷ್ಟಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಂ.ಓ.ಟಿ.ಗೆ ಹೊರಟವರು ಅಂಕಪಟ್ಟಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಒಯ್ಯಬೇಕು. ಬಿ.ಓ.ಟಿ.ಯಲ್ಲಿ ರೋಗಿಗೆ ಏನು ಮಾಡಬೇಕೆಂದು ಕಲಿಯುತ್ತೀರಿ. ಮುಂದಿನ ಎರಡು ವರ್ಷ, ಅದರಿಂದ ನಿಜಕ್ಕೂ ಉಪಯೋಗವಾಯಿತೇ ಎಂದು ಪರೀಕ್ಷಿಸಲು ಕಲಿಯುತ್ತೀರಿ. ಸಂದರ್ಶನದಲ್ಲಿ “ಸೇವೆ ಮಾಡುವ ಆಸೆ” ಎಂದರೆ ಯಾರೂ ಬೇಡವೆನ್ನರು, ಆದರೆ ಎಲ್ಲರೂ ಹೇಳುವುದು ಅದನ್ನೇ.

ಆ ಪ್ರಶ್ನೆ ಎಲ್ಲಿ ಸಿಗುತ್ತದೆ? ನಮ್ಮ ಮನೆಗಳಲ್ಲೇ ಸಿಗುತ್ತದೆ. ರೋಗಿ ಎಷ್ಟು ಸ್ವಾವಲಂಬಿ ಎಂದು ಅಳೆಯಲು ಬಾರ್ಥೆಲ್ ಸೂಚ್ಯಂಕವೆಂಬ ಪ್ರಸಿದ್ಧ ಅಳತೆಯಿದೆ. 1965ರಲ್ಲಿ ಪ್ರಕಟವಾದ ಅದರಲ್ಲಿ ಹತ್ತು ಅಂಶಗಳು: ಊಟ, ಸ್ನಾನ, ಉಡುಪು, ಶೌಚ, ಮೆಟ್ಟಿಲು ಹತ್ತುವುದು ಇತ್ಯಾದಿ. 100 ಅಂಕ ಬಂದರೆ ಪೂರ್ಣ ಸ್ವಾವಲಂಬಿ. ಅದರಲ್ಲಿ ನೆಲದ ಮೇಲೆ ಕುಳಿತು ಏಳುವುದು ಇಲ್ಲ. ನಮ್ಮಲ್ಲಿ ಊಟ, ನಮಾಝ್, ನೆಂಟರೊಂದಿಗೆ ಮಾತು ಎಷ್ಟೋ ಮನೆಗಳಲ್ಲಿ ನೆಲದ ಮೇಲೆಯೇ. ಹಾಗಾದರೆ 100 ಅಂಕ ಪಡೆದ ನಮ್ಮ ಹಿರಿಯರು ನಿಜಕ್ಕೂ ಸ್ವಾವಲಂಬಿಯೇ? ಇದೇ ಒಂದು ಪ್ರಬಂಧದ ಬೀಜ. ಬೀಡಿ ಕಟ್ಟುವ ತಾಯಂದಿರ ಬೆರಳು, ಮಣಿಕಟ್ಟಿನ ನೋವು ಇನ್ನೊಂದು. ಬ್ಯಾರಿಯನ್ನೋ ಉರ್ದುವನ್ನೋ ಮಾತ್ರ ಆಡುವ ಮನೆಯ ಮಗುವನ್ನು ಇಂಗ್ಲಿಷ್ ಪ್ರಶ್ನಾವಳಿಯಿಂದ ಅಳೆಯುವುದು ಎಷ್ಟು ಸರಿ ಎಂಬುದು ಮತ್ತೊಂದು.

ಸೇರಿದ ಮೇಲೆ ಮೊದಲ ಆರು ತಿಂಗಳು ಬಿಗಿಯಾಗಿರುತ್ತವೆ. ಬೆಳಗ್ಗೆ ರೋಗಿಗಳು, ಮಧ್ಯಾಹ್ನ ಸಂಶೋಧನಾ ವಿಧಾನ ಹಾಗೂ ಸಂಖ್ಯಾಶಾಸ್ತ್ರದ ತರಗತಿ, ನಡುವೆ ಸೆಮಿನಾರು, ಜೊತೆಗೆ ಪ್ರಬಂಧದ ಸಿನಾಪ್ಸಿಸ್. ಅದಕ್ಕೆ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಬಾರದೆ ಒಬ್ಬ ರೋಗಿಯ ಮಾಹಿತಿಯನ್ನೂ ಪಡೆಯುವಂತಿಲ್ಲ. ಚಿಕಿತ್ಸೆಯ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ರಾಷ್ಟ್ರೀಯ ದಾಖಲಾತಿಯಲ್ಲಿ ನೋಂದಾಯಿಸಬೇಕು. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಸಂಖ್ಯಾಶಾಸ್ತ್ರದ ಅಧ್ಯಾಪಕರನ್ನು ಮಾಹಿತಿ ಸಂಗ್ರಹಿಸಿದ ಮೇಲಲ್ಲ, ಮೊದಲೇ ಕಾಣಿರಿ. ಎಷ್ಟು ರೋಗಿಗಳು ಬೇಕೆಂದು ಹೇಳುವವರು ಅವರು. ಪ್ರಶ್ನೆ ಕೈಯಲ್ಲಿಟ್ಟುಕೊಂಡು ಬಂದವರು ಈ ಹಂತವನ್ನು ಸಲೀಸಾಗಿ ದಾಟುತ್ತಾರೆ. ಉಳಿದವರು ಯಾರೋ ಕೊಟ್ಟ ವಿಷಯವನ್ನು ಎರಡು ವರ್ಷ ಹೊರುತ್ತಾರೆ.

ಇನ್ನು ಜೀವನೋಪಾಯ. ಆಸ್ಪತ್ರೆ, ವಿಶೇಷ ಶಾಲೆ, ಮಕ್ಕಳ ಚಿಕಿತ್ಸಾ ಕೇಂದ್ರ, ಕಾಲೇಜುಗಳಲ್ಲಿ ಅವಕಾಶವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ ಮೇಲೆ ಆಟಿಸಂ, ಕಲಿಕಾ ನ್ಯೂನತೆಯಂತಹವೂ ಅದರ ವ್ಯಾಪ್ತಿಗೆ ಬಂದಿವೆ. ಗಲ್ಫ್‌ಗೆ ಹೋಗಬೇಕೆನ್ನುವವರು ನೆನಪಿಡಿ: ದುಬೈ, ಸೌದಿಯಲ್ಲಿ ಅಲ್ಲಿನ ಆರೋಗ್ಯ ಪ್ರಾಧಿಕಾರದ ಪರವಾನಗಿ ಬೇಕು. ಪ್ರಮಾಣಪತ್ರಗಳನ್ನು ಮೂಲ ಸಂಸ್ಥೆಯಿಂದಲೇ ಪರಿಶೀಲಿಸುತ್ತಾರೆ. ಅಂಕಪಟ್ಟಿ, ಇಂಟರ್ನ್‌ಶಿಪ್ ಪತ್ರ, ಅನುಭವ ಪತ್ರಗಳನ್ನು ಮೊದಲ ದಿನದಿಂದಲೇ ಜೋಪಾನವಾಗಿಡಿ.

ಹೆಣ್ಣುಮಕ್ಕಳ ಪೋಷಕರಲ್ಲಿ ಒಂದು ಮಾತು. ಸ್ನಾನ, ಉಡುಪು, ಶೌಚದಂತಹ ವಿಷಯಗಳನ್ನು ಪರಪುರುಷರ ಮುಂದೆ ಹೇಳಲಾಗದೆ ಎಷ್ಟೋ ತಾಯಂದಿರು ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಅವರಿಗೆ ಅವರದೇ ಭಾಷೆಯಾಡುವ ಮಹಿಳಾ ಥೆರಪಿಸ್ಟ್ ಬೇಕು. ಸೀಟು ದೂರದಲ್ಲಿ ಸಿಕ್ಕಿತೆಂದು ಮಗಳನ್ನು ತಡೆಯುವ ಮುನ್ನ ಆ ತಾಯಂದಿರನ್ನು ನೆನೆಯಿರಿ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕಾಯಿಲೆಯಿಂದ ಮೂಲೆ ಸೇರಿದ ಹಿರಿಯರ ಬಳಿ ಕುಳಿತು, “ಯಾವ ಒಂದು ಕೆಲಸವನ್ನು ನೀವೇ ಮಾಡಿಕೊಳ್ಳುವಂತಾದರೆ ನಿಮಗೆ ಸಮಾಧಾನ?” ಎಂದು ಕೇಳಿ. ಅವರ ಉತ್ತರವನ್ನು ಬರೆದಿಟ್ಟುಕೊಳ್ಳಿ. ಮುಂದೊಂದು ದಿನ ಎಂ.ಓ.ಟಿ. ಸಂದರ್ಶನದಲ್ಲಿ ನಿಮ್ಮ ಪ್ರಶ್ನೆ ಯಾವುದೆಂದು ಕೇಳಿದರೆ ಹೇಳಲು ನಿಮ್ಮ ಬಳಿ ಏನಾದರೂ ಇರುತ್ತದೆ.