ಎಗ್ ದ್ವೀಪ: ನೋಡತಕ್ಕದ್ದು, ಅರಿಯತಕ್ಕದ್ದು



ಪ್ರವಾಸವೆಂದರೆ ನೋಡಿ ಬರುವುದಷ್ಟೇ ಅಲ್ಲ; ನೋಡಿದ ನೆಲ ಯಾರದೆಂದು ಕೇಳುವುದೂ ಪ್ರವಾಸವೇ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಇರುವ ಎಗ್ ಎಂಬ ಪುಟ್ಟ ದ್ವೀಪಕ್ಕೆ ಹೋದವರು ಈ ಪ್ರಶ್ನೆಯನ್ನು ಕೇಳದೆ ಮರಳಲಾರರು. ಅದರ ಉದ್ದ ಸುಮಾರು 9 ಕಿಲೋಮೀಟರ್, ಅಗಲ 5 ಕಿಲೋಮೀಟರ್. ಅಲ್ಲಿ ವಾಸಿಸುವವರು ನೂರರ ಆಸುಪಾಸು.

ಮಾಲೇಗ್ ಬಂದರಿನಿಂದ ಹಡಗು ಏರಬಹುದು. ಪ್ರವಾಸಿಗರು ಕಾರನ್ನು ದಡದಲ್ಲೇ ಬಿಟ್ಟು ಬರುತ್ತಾರೆ; ದ್ವೀಪವನ್ನು ನಡಿಗೆಯಲ್ಲಿ ಅಥವಾ ಸೈಕಲ್ಲಿನಲ್ಲಿ ಸುತ್ತಬಹುದು. ಇಳಿದೊಡನೆ ಕಣ್ಣಿಗೆ ಬೀಳುವುದು 393 ಮೀಟರ್ ಎತ್ತರದ ಆನ್ ಸ್ಗೂರ್ ಶಿಖರ. 5 ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಯ ದ್ರವ್ಯ ಹರಿದು ಒಂದು ಕಣಿವೆಯನ್ನು ತುಂಬಿತು. ಸುತ್ತಲಿನ ಬಂಡೆ ಸವೆದುಹೋಯಿತು, ತುಂಬಿದ ಗಟ್ಟಿ ಶಿಲೆ ಉಳಿಯಿತು. ಅಂದಿನ ಕಣಿವೆಯೇ ಇಂದಿನ ಶಿಖರ!

ಪಶ್ಚಿಮದ ಲೇಗ್ ಕೊಲ್ಲಿಯಲ್ಲಿ ಸಂಜೆ ನಿಂತರೆ, ಎದುರಿನ ರಮ್ ದ್ವೀಪದ ಬೆಟ್ಟಗಳ ಹಿಂದೆ ಸೂರ್ಯ ಮುಳುಗುವುದನ್ನು ಕಾಣಬಹುದು. ಅಲ್ಲಿಂದ ಉತ್ತರಕ್ಕೆ ನಡೆದರೆ ‘ಹಾಡುವ ಮರಳು’. ಒಣಗಿದ ಸ್ಫಟಿಕ ಶಿಲೆಯ ಕಣಗಳು ಹೆಜ್ಜೆಯಡಿ ಒಂದಕ್ಕೊಂದು ಉಜ್ಜಿ ಕಿರುಗುಟ್ಟುತ್ತವೆ, ಒದ್ದೆಯಾದರೆ ಮೌನ. 1844ರಲ್ಲಿ ಹ್ಯೂ ಮಿಲ್ಲರ್ ಇದೇ ದ್ವೀಪದಲ್ಲಿ ಪುರಾತನ ಜಲಸರೀಸೃಪದ ಮೂಳೆಗಳನ್ನು ಕಂಡರು. ದಕ್ಷಿಣ ದಡದಲ್ಲಿ ಎರಡು ಗುಹೆಗಳಿವೆ. ಒಂದರಲ್ಲಿ, 1577ರಲ್ಲಿ, ಶತ್ರುಗಳು ಬಾಯಿಗೆ ಬೆಂಕಿಯಿಟ್ಟು ಅಡಗಿದ್ದ ಸುಮಾರು 400 ದ್ವೀಪವಾಸಿಗಳನ್ನು ಉಸಿರುಗಟ್ಟಿಸಿ ಕೊಂದರೆಂದು ಪರಂಪರೆ ಹೇಳುತ್ತದೆ. ಇನ್ನೊಂದರಲ್ಲಿ ಕ್ಯಾಥೊಲಿಕ್ ಜನರು ಗುಟ್ಟಾಗಿ ಪ್ರಾರ್ಥಿಸುತ್ತಿದ್ದರು. ಅಲ್ಲಿಗೆ ಸಮುದ್ರದ ಇಳಿತದ ವೇಳೆಯಲ್ಲೇ ಹೋಗಬೇಕು.

ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಗ್ರೂಲಿನ್. ಶಿಖರದ ಬುಡದಲ್ಲಿ ಈಗ ಕಲ್ಲಿನ ಗೋಡೆಗಳ ಅವಶೇಷ ಮಾತ್ರ. 1853ರಲ್ಲಿ ಕುರಿ ಸಾಕಣೆಗಾಗಿ ಈ ಹಳ್ಳಿಯನ್ನು ತೆರವುಗೊಳಿಸಲಾಯಿತು. 14 ಕುಟುಂಬಗಳು ಒಕ್ಕಲೆದ್ದವು. ಆ ಬಳಿಕವೂ ದ್ವೀಪವು ಒಡೆಯನಿಂದ ಒಡೆಯನಿಗೆ ಮಾರಾಟವಾಗುತ್ತಲೇ ಇತ್ತು. ಗೇಣಿಯ ಭದ್ರತೆಯಿಲ್ಲದ ಅನೇಕರಿಗೆ ಮನೆ ದುರಸ್ತಿಗೂ ಧೈರ್ಯವಿರಲಿಲ್ಲ. ನಾಳೆ ಬಿಟ್ಟೇಳೆಂದರೆ ಮಾಡಿದ ಖರ್ಚು ಯಾರ ಪಾಲು?

1997ರ ಜೂನ್ 12ರಂದು ಆ ಸರಪಳಿ ಕಡಿಯಿತು. ನಿವಾಸಿಗಳ ಸಂಘ, ಹೈಲ್ಯಾಂಡ್ ಕೌನ್ಸಿಲ್ ಮತ್ತು ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟ್ ಕೂಡಿ ರಚಿಸಿದ ಟ್ರಸ್ಟ್, ಸುಮಾರು 15 ಲಕ್ಷ ಪೌಂಡ್ ತೆತ್ತು ದ್ವೀಪವನ್ನು ಕೊಂಡಿತು. ಸಾವಿರಾರು ಜನರ ದೇಣಿಗೆ, ಹೆಸರು ಬಯಸದ ದಾನಿಯೊಬ್ಬರ ದೊಡ್ಡ ಮೊತ್ತ ಅದರಲ್ಲಿ ಸೇರಿದ್ದವು. ಅಂದು ಅಲ್ಲಿದ್ದವರು ಅರವತ್ತಕ್ಕೂ ತುಸು ಹೆಚ್ಚು ಮಂದಿ.

ಬಳಿಕ ಬಂದದ್ದು ಬೆಳಕು. ಅದುವರೆಗೆ ಮನೆಮನೆಯ ಡೀಸೆಲ್ ಯಂತ್ರಗಳೇ ಹೆಚ್ಚಿನವರ ಆಸರೆಯಾಗಿದ್ದವು. 2008ರ ಫೆಬ್ರವರಿಯಲ್ಲಿ ತೊರೆಯ ನೀರು, ಗಾಳಿ, ಬಿಸಿಲುಗಳಿಂದ ನಡೆಯುವ ದ್ವೀಪದ ಸ್ವಂತ ವಿದ್ಯುತ್ ಜಾಲ ಆರಂಭವಾಯಿತು. ಇವು ಸಾಲದಾದಾಗ ಮಾತ್ರ ಡೀಸೆಲ್. ಮನೆಯೊಂದು ಒಮ್ಮೆಗೆ ಬಳಸಬಹುದಾದ ಮಿತಿ 5 ಕಿಲೋವಾಟ್. ಅಂಗಡಿ, ಉದ್ಯಮಗಳಿಗೆ 10. ಈ ಮಿತಿಯನ್ನು ಹೊರಗಿನವರು ಹೇರಲಿಲ್ಲ, ಊರವರೇ ಒಪ್ಪಿಕೊಂಡರು. ಹಂಚಿಕೊಂಡು ಬಾಳುವ ಗುಟ್ಟು ಇಲ್ಲಿದೆ.

2003ರಲ್ಲಿ ಸ್ಕಾಟ್ಲೆಂಡಿನ ಭೂಸುಧಾರಣಾ ಕಾನೂನು, ಗ್ರಾಮೀಣ ಸಮುದಾಯಗಳು ತಮ್ಮ ನೆಲ ಮಾರಾಟಕ್ಕೆ ಬಂದಾಗ ಅದನ್ನು ಮೊದಲು ಕೊಳ್ಳುವ ಹಕ್ಕಿಗೆ ದಾರಿ ಮಾಡಿತು. ಅದೇ ಕಾನೂನು ಜವಾಬ್ದಾರಿಯಿಂದ ನಡೆಯುವ ಯಾರಿಗೂ ಬೆಟ್ಟ ಬಯಲುಗಳಲ್ಲಿ ಓಡಾಡುವ ಹಕ್ಕನ್ನೂ ಖಚಿತಪಡಿಸಿತು. ಒಂದು ಊರವರ ಹಕ್ಕು, ಇನ್ನೊಂದು ಅತಿಥಿಯ ಹಕ್ಕು. ಎರಡೂ ಜೊತೆಯಲ್ಲಿ ಬಾಳಬೇಕಾದರೆ ಅತಿಥಿಯೂ ಮಿತಿ ಅರಿಯಬೇಕು. ಎಗ್‌ನಲ್ಲಿ ತಂಗಿದವನ ಚಹಾದ ನೀರು ಕಾಯುವುದೂ ಆ 5 ಕಿಲೋವಾಟಿನೊಳಗೇ.

ಗ್ರೂಲಿನ್‌ನ ಗೋಡೆಗಳನ್ನು ನೋಡಿ ಬಂದವನು ಸಂಜೆ ಬಂದರಿನ ಬಳಿ ಉರಿಯುವ ದೀಪಗಳನ್ನೂ ನೋಡಲಿ. ನೆಲ ಕಳೆದುಕೊಂಡ ಊರು, ನೆಲ ಪಡೆದ ಊರು ಎರಡೂ ಒಂದೇ ದಿನದ ನಡಿಗೆಯಲ್ಲಿವೆ.